ಒಳಚಿಲಕ

ಆ ಬೀದಿಯಲ್ಲಿ ಬಡಗಿಯನ್ನು ಯಾರೂ ಬಡಗಿ ಎಂದು ಕರೆಯುತ್ತಿರಲಿಲ್ಲ, ಮೂಲೆಮಟ್ಟ ಎನ್ನುತ್ತಿದ್ದರು. ಎರಡು ಹಲಗೆ ಕೂಡುವ ಕಡೆ ಮೂಲೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ನೋಡುವ ಆ ಉಕ್ಕಿನ ಪಟ್ಟಿ ಸದಾ ಅವನ ಸೊಂಟದಲ್ಲೇ ಇರುತ್ತಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಮೇಜಿನ ಮೂಲೆ ಸವರಿ ನೋಡಿ, ಮುಖ ಸಿಂಡರಿಸಿ, ಆಮೇಲೆ ಕೂರುವ ಆಸಾಮಿ. ಮದುವೆಯ ಫೋಟೋದಲ್ಲೂ ಅವನ ಸೊಂಟದಲ್ಲಿ ಮೂಲೆಮಟ್ಟ ಇದೆ ಎಂದು ಅವನ ಭಾವಮೈದ ಹೇಳಿಕೊಂಡು ತಿರುಗುತ್ತಿದ್ದ. ಅದು ಶುದ್ಧ ಸುಳ್ಳು, ಆದರೆ ಕೇಳಿದವರೆಲ್ಲ ನಂಬಿದ್ದರು.

ಅಂಥವನ ಶೆಡ್ಡಿಗೆ ಒಂದು ಬೆಳಿಗ್ಗೆ ಟೀವಿ ಚಾನೆಲ್ಲಿನ ಹುಡುಗಿಯೊಬ್ಬಳು ಬಂದು, ಜೈಲಿನ ಕೋಣೆಯೊಂದನ್ನು ಮಾಡಿಕೊಡಬೇಕು ಎಂದಳು.

"ಪ್ಲೈವುಡ್ಡಲ್ಲೇ ಮಾಡಿ ಸಾರ್, ಮೇಲೆ ಸಿಮೆಂಟ್ ಬಣ್ಣ ಹೊಡೀರಿ. ಆದ್ರೆ ಅಳತೆ ಮಾತ್ರ ಪಕ್ಕಾ ಇರ್ಬೇಕು. ಒಳಗೆ ಹೋದವರಿಗೆ ಇದು ಸೆಟ್ಟು ಅಂತ ಅನ್ನಿಸಲೇಬಾರದು."

"ಯಾರ ಕೋಣೆ?"

"ನಿಮಗೆ ಗೊತ್ತಲ್ಲ ಸಾರ್."

ಗೊತ್ತಿತ್ತು. ಅವನ ಅಕ್ಕನ ಒಬ್ಬನೇ ಮಗನನ್ನು ಕೊಂದವನ ಕೋಣೆ ಅದು. ಕೊಂದವನೂ ಸತ್ತವನೂ ಸೇರಿ ಒಂದು ಫೋಟೋ ಸ್ಟುಡಿಯೋ ನಡೆಸುತ್ತಿದ್ದರು. ಅಕ್ಕನ ಅಡುಗೆಮನೆಯಲ್ಲಿ ಒಟ್ಟಿಗೆ ಕೂತು ಉಂಡವರು, ಒಂದೇ ತಟ್ಟೆಗೆ ಕೈ ಹಾಕಿದವರು. ಯಾಕೆ ಕೊಂದ ಎಂಬುದಕ್ಕೆ ಕೋರ್ಟಿನಲ್ಲಿ ಒಂದರ ಮೇಲೊಂದು ಕಾರಣ ಬಂದವು. ಅಕ್ಕನಿಗೆ ಅದರಲ್ಲಿ ಒಂದೂ ಕಾರಣದ ಹಾಗೆ ಕಾಣಲಿಲ್ಲ. ಊರಿನಲ್ಲಿ ಬೇರೆ ಬಡಗಿಗಳಿಗೆ ಬರವಿರಲಿಲ್ಲ, ಚಾನೆಲ್ಲಿನವರು ಹುಡುಕಿಕೊಂಡು ಇವನ ಶೆಡ್ಡಿಗೇ ಬಂದದ್ದು ಸುಮ್ಮನೆ ಅಲ್ಲ. ಇವನನ್ನು ಹಿಡಿದರೆ ಅಕ್ಕ ಸಿಗುತ್ತಾಳೆ ಎಂದು ತಿಳಿಯದಿರಲು ಅವರೇನು ಅಷ್ಟು ದಡ್ಡರೇ?

ಕೊಲೆಗಾರನಿಗೆ ಸಾಯುವತನಕ ಸೆರೆವಾಸ, ಅದೂ ಒಬ್ಬನೇ ಇರಬೇಕು ಎಂದು ತೀರ್ಪಾಗಿತ್ತು. ಆಮೇಲೆ ಪತ್ರಿಕೆಯೊಂದು ಆ ಕೋಣೆಯ ಸ್ಥಿತಿಯನ್ನು ಬಿಡಿಸಿ ಬಿಡಿಸಿ ಬರೆಯಿತು. ಮಲಗಲು ಸಿಮೆಂಟಿನ ಕಟ್ಟೆ, ಅದರ ಕಾಲ ಬುಡದಲ್ಲೇ ಕಕ್ಕಸು. ಅಂಗೈಯಗಲದ ಕಿಟಕಿ, ಅದೂ ಕೈಗೆಟುಕದಷ್ಟು ಮೇಲೆ. ತಲೆಯ ಮೇಲೆ ಹಗಲೂ ರಾತ್ರಿ ಉರಿಯುವ ಬಲ್ಬು. ಬಾಗಿಲಲ್ಲೊಂದು ಇಣುಕುಗಿಂಡಿ, ಅದರ ಮುಚ್ಚಳ ಹೊರಗಡೆಗೆ. ಮಾತಾಡಲು ಯಾರೂ ಇಲ್ಲ. ಇದು ಅಮಾನುಷ, ಕನಿಷ್ಠ ದೀಪವನ್ನಾದರೂ ಆರಿಸಿ ಎಂದು ಕೆಲವರು ಮೇಲಿನ ಕೋರ್ಟಿಗೆ ಹೋದರು. ಕೂಡದು, ಇನ್ನೂ ಬಿಗಿ ಮಾಡಿ ಎಂದು ಇನ್ನು ಕೆಲವರು ರಸ್ತೆಗೆ ಇಳಿದರು. ಚಾನೆಲ್ಲಿನವರು ಇದನ್ನೇ ಹಿಡಿದು "ಸಾಕೋ, ಸಾಲದೋ?" ಎಂಬ ಕಾರ್ಯಕ್ರಮಕ್ಕೆ ಟೊಂಕ ಕಟ್ಟಿದ್ದರು.

ಆ ದಿನಗಳಲ್ಲಿ ಬೀದಿಗೆ ಬೀದಿಯೇ ನ್ಯಾಯಾಧೀಶರ ಕುರ್ಚಿ ಹತ್ತಿ ಕೂತಿತ್ತು. ಇಸ್ತ್ರಿಯವನು ಬಟ್ಟೆಯ ಮೇಲೆ ನೀರು ಚಿಮುಕಿಸುತ್ತ, "ಗಲ್ಲಿಗೇರಿಸಬೇಕಿತ್ತು. ಈಗ ನೋಡಿ, ನಾವು ದುಡಿದು ಹಾಕ್ತೀವಿ, ಅವನು ಕೂತು ತಿಂತಾನೆ," ಎನ್ನುತ್ತಿದ್ದ. ನಿವೃತ್ತ ಹೆಡ್ಮೇಷ್ಟ್ರು ಪತ್ರಿಕೆಯನ್ನು ಮಡಚಿ ಕಂಕುಳಿಗೆ ಸೇರಿಸಿ, "ಕೊಲೆ ತಪ್ಪು, ಒಪ್ಪಿದೆ. ಆದ್ರೆ ಒಬ್ಬ ಮನುಷ್ಯನ್ನ ದೀಪದ ಕೆಳಗೆ ಹಾಗೆ ಕೊಳೆಹಾಕೋದು ಶಿಕ್ಷೆ ಅಲ್ಲಪ್ಪ, ಸೇಡು," ಎಂದು ಪಾಠ ಒಪ್ಪಿಸುವವರ ಹಾಗೆ ಹೇಳುತ್ತಿದ್ದರು. ಇಬ್ಬರಿಗೂ ಬೇಕಾದಷ್ಟು ಬಿಡುವಿತ್ತು, ಹಾಗಾಗಿ ಜಗಳ ಸೊಗಸಾಗಿ ಸಾಗುತ್ತಿತ್ತು. ಔಷಧಿ ಅಂಗಡಿಯಾಕೆಯದು ಬೇರೆಯೇ ರಾಗ. "ಏಕಾಂತವಾಸ ಅಂತೆ! ಮದುವೆ ಆದಾಗಿಂದ ಏಕಾಂತ ಅನ್ನೋದನ್ನ ನಾನು ಕಂಡಿದ್ದರೆ ಕೇಳಿ. ಸ್ನಾನಕ್ಕೆ ಹೋದ್ರೂ ಬಾಗಿಲು ಬಡೀತಾರೆ. ಎಲ್ಲಿ ಅರ್ಜಿ ಹಾಕ್ಬೇಕು ಸ್ವಲ್ಪ ಹೇಳಿ."

ಎಲ್ಲರೂ ಕಿತ್ತಾಡಿ ಸುಸ್ತಾದ ಮೇಲೆ ಕೊನೆಗೆ ಮೂಲೆಮಟ್ಟನ ಕಡೆ ತಿರುಗುತ್ತಿದ್ದರು. "ಅದು ಸರಿ, ನಿಮ್ಮಕ್ಕ ಏನಂತಾರೆ?"

ಅಲ್ಲೇ ಅವನು ತಬ್ಬಿಬ್ಬಾಗುತ್ತಿದ್ದದ್ದು. ಅಕ್ಕ ಏನೂ ಅನ್ನುತ್ತಿರಲಿಲ್ಲ.

ಅಕ್ಕನ ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು, ಬಂದ ಕರೆಗಳನ್ನು ಬೇರೆ ಬೇರೆ ವಾರ್ಡಿಗೆ ತಿರುಗಿಸುವ ಕೆಲಸ ಅವಳದು. ದಿನವಿಡೀ ಬೇರೆಯವರ ಗಾಬರಿಯನ್ನು ಕಿವಿಗೆ ಹಾಕಿಕೊಂಡು "ಒಂದು ನಿಮಿಷ, ಕೊಡ್ತೀನಿ" ಎನ್ನುವ ಹೆಂಗಸು. ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ಅವಳ ಬಾಯಿಗೆ ಒಂದು ಗೊಂಚಲು ಮೈಕು ಹಿಡಿದರೆ, "ಬಸ್ಸು ಹೊರಟುಬಿಡುತ್ತೆ, ದಾರಿ ಬಿಡಿ," ಎಂದು ಹೊರಟುಬಿಟ್ಟಿದ್ದಳು. ಆವತ್ತಿನಿಂದ ಮನೆಯ ಸಾಮಾನು, ನೀರು, ಬಸ್ಸು, ಇಂಥವನ್ನು ಬಿಟ್ಟು ಬೇರೆ ಮಾತಿಲ್ಲ. ಅಳುವೂ ಇಲ್ಲ. ಮಗ ಸತ್ತಾಗಲೂ ಜನರ ಮಧ್ಯೆ ಕಲ್ಲಾಗಿ ಕೂತಿದ್ದಳು. ಒಳಗೊಳಗೇ ಏನಾದರೂ ಕುದಿಯುತ್ತಿದೆಯೋ, ಅಥವಾ ಎಲ್ಲಾ ಆರಿಹೋಗಿದೆಯೋ ಎಂದು ತಮ್ಮನಿಗೆ ತಿಳಿಯುತ್ತಿರಲಿಲ್ಲ. ಅದನ್ನು ತಿಳಿಯದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ.

ಹೋದಾಗಲೆಲ್ಲ ಅವಳು ಅವನಿಗೆ ಒಂದೇ ಮಾತು ಹೇಳುತ್ತಿದ್ದಳು. "ಮುಂಬಾಗಿಲಿಗೆ ಚಿಲಕ ಹಾಕಕ್ಕಾಗ್ತಿಲ್ಲ ಕಣೋ. ಬಿಡುವಾದಾಗ ಸ್ವಲ್ಪ ನೋಡು."

ತೀರ್ಪಿನ ದಿನ ಕ್ಯಾಮೆರಾದವರು ಅವಳಿಗಿಂತ ಮೊದಲೇ ಮನೆ ತಲುಪಿದ್ದರು. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡರೂ ಬಿಡದೆ ನೂಕಿದ ರಭಸಕ್ಕೆ ಅದು ಮೊಳೆ ಸಮೇತ ಕಿತ್ತುಬಂದಿತ್ತು. ಈಗ ಅಕ್ಕ ಬಾಗಿಲಿಗೆ ಒಂದು ಕುರ್ಚಿ ಅಡ್ಡ ಇಡುತ್ತಿದ್ದಳು. ಪಾಪದ ಕುರ್ಚಿ ಯಾರನ್ನು ತಡೆದೀತು? ಸಮಾಧಾನ ಹೇಳುವವರು, ಸಹಿ ಕೇಳುವ ಎರಡೂ ಕಡೆಯವರು, ಸುಮ್ಮನೆ ಮುಖ ನೋಡಿಹೋಗಲು ಬಂದವರು, "ಅಮ್ಮಾ, ಇದ್ದೀರಾ?" ಎಂದುಕೊಂಡು ಕುರ್ಚಿಯನ್ನು ಸರಿಸಿ ಒಳಗೇ ಬರುತ್ತಿದ್ದರು.

"ನಾಳೆ ಬರ್ತೀನಿ ಅಕ್ಕ," ಎನ್ನುತ್ತಿದ್ದ ಮೂಲೆಮಟ್ಟ. ಬಡಗಿಯ ನಾಳೆ ಎಂದರೆ ಏನೆಂದು ಬಾಗಿಲು ಮಾಡಿಸಿದವರಿಗೆಲ್ಲ ಗೊತ್ತು.

ಜೈಲುಕೋಣೆಯ ಕೆಲಸವನ್ನು ಅವನು ಒಪ್ಪಿಕೊಂಡದ್ದು ಅಕ್ಕನಿಗಾಗಿಯೇ. ಆ ಕೊಲೆಗಾರ ಎಂಥ ಜಾಗದಲ್ಲಿ ಬಿದ್ದಿದ್ದಾನೆ ಎಂದು ಅವಳು ಒಮ್ಮೆ ಕಣ್ಣಾರೆ ಕಂಡರೆ ಹೊಟ್ಟೆ ತಣ್ಣಗಾದೀತು, ಬಾಯಿ ಬಿಟ್ಟಾಳು, ಎರಡು ಹನಿ ಕಣ್ಣೀರಾದರೂ ಬಂದೀತು ಎಂದು ಅವನ ಲೆಕ್ಕಾಚಾರ. ನಿಜ ಹೇಳಬೇಕೆಂದರೆ ಅವನಿಗೂ ಅದನ್ನು ನೋಡುವ ತವಕವಿತ್ತು. ಆ ಕೋಣೆ ಎಷ್ಟು ಇಕ್ಕಟ್ಟು ಎಂದು ಪತ್ರಿಕೆಯಲ್ಲಿ ಓದಿ ಸಮಾಧಾನ ಪಡುವ ಜಾತಿಯವನಲ್ಲ ಅವನು. ಟೇಪು ಹಿಡಿದು ಅಳೆದರೇ ಅವನಿಗೆ ನಂಬಿಕೆ.

"ಅಕ್ಕ, ಟೀವಿಯವರು ನೀನೂ ಬರ್ಬೇಕು ಅಂತಿದ್ದಾರೆ," ಎಂದು ಹೆದರಿ ಹೆದರಿ ಕೇಳಿದ.

ಅವಳು ಪಾತ್ರೆ ಒರೆಸುತ್ತಿದ್ದಳು. "ಅವನಿರೋ ಹಾಗೇ ಮಾಡ್ತಿದ್ದೀಯಾ?"

"ಒಂದು ಬೆರಳೂ ಆಚೀಚೆ ಆಗಲ್ಲ."

"ಬರ್ತೀನಿ. ನೋಡ್ತೀನಿ. ಮಾತಿನ ವಿಷಯ ಆಮೇಲೆ."

ಇಷ್ಟೇ. ಆದರೂ ಅವನಿಗೆ ರೆಕ್ಕೆ ಬಂದ ಹಾಗಾಯಿತು.

ಕೋಣೆ ಎದ್ದು ನಿಂತಿತು. ಭಾವಮೈದ ಪಾಲಿಶ್ ಕೆಲಸದಲ್ಲಿ ಎತ್ತಿದ ಕೈ, ಹೊಳಪು ಕೊಡುವುದು ಬಿಟ್ಟು ಬೇರೆ ಗೊತ್ತಿಲ್ಲದವನು. ಅಂಥವನಿಗೆ ಗೋಡೆಯನ್ನು ಕೊಳಕಾಗಿ ಕಾಣಿಸುವ ಕೆಲಸ ಕೊಟ್ಟರೆ ಅವನು ಗೊಣಗುತ್ತಲೇ ಮಾಡಿದ. "ಭಾವ, ಇಷ್ಟು ಗಲೀಜು ಮಾಡಿದ್ರೆ ನನ್ನ ಹೆಸರು ಹಾಳಾಗುತ್ತೆ. ನಾಳೆ ಯಾರಾದ್ರೂ ಬೀರು ಪಾಲಿಶ್‌ಗೆ ಕರೀತಾರಾ ನನ್ನ?" ಪ್ಲೈವುಡ್ಡಿನ ಮೇಲೆ ಸಿಮೆಂಟಿನ ಬಣ್ಣ ಬಿತ್ತು, ಅದರ ಮೇಲೆ ತೇವದ ಕಲೆ ಬಿತ್ತು. ಬಲ್ಬು ಬಂತು, ಅದರ ಸ್ವಿಚ್ಚು ಹೊರಗೆ. ಬಾಗಿಲನ್ನು ಮಾತ್ರ ಮೂಲೆಮಟ್ಟ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಒಬ್ಬನೇ ಕೂರಿಸಿದ, ಒಬ್ಬನೇ ಹಾಕಿ ತೆಗೆದು ನೋಡಿದ. ಕೆಲಸ ಮುಗಿದಾಗ ಬಾಗಿಲು ಚೌಕಟ್ಟಿನೊಳಗೆ ಸದ್ದಿಲ್ಲದೆ ಹೋಗಿ ಕೂತುಕೊಂಡಿತು. ಹೊರಗೊಂದು ದಪ್ಪ ಅಗುಳಿ. "ಈಗ ಸರಿ," ಎಂದುಕೊಂಡ. ಆ ಪಾಪಿಯನ್ನು ತಾನೇ ಕೈಯಾರೆ ಒಳಗೆ ಹಾಕಿದಷ್ಟು ಸಮಾಧಾನ ಅವನಿಗೆ.

ಚಾನೆಲ್ಲಿನವರು ಕೋಣೆಯನ್ನು ಬಿಚ್ಚಿ ಸ್ಟುಡಿಯೋಗೆ ಒಯ್ಯುವ ಮೊದಲು, ಅಕ್ಕ ಅದನ್ನು ಮೊದಲ ಸಲ ನೋಡುವ ದೃಶ್ಯವನ್ನು ಶೆಡ್ಡಿನಲ್ಲೇ ತೆಗೆದುಕೊಳ್ಳುತ್ತೇವೆ ಎಂದರು. ಆ ಬೆಳಿಗ್ಗೆ ಬೀದಿಯ ಜನಕ್ಕೆ ಹೇಗೋ ಸುಳಿವು ಹತ್ತಿತು. ಅಕ್ಕ ಬರುವ ಮುಂಚೆಯೇ ಶೆಡ್ಡಿನ ಮುಂದೆ ಸಾಲು. ನೋಡದೆ ಹೋದರೆ ತಿಂದದ್ದು ಅರಗುವುದಿಲ್ಲ ಎಂಬಂತೆ ಒಬ್ಬರ ಹಿಂದೆ ಒಬ್ಬರು.

ಮೊದಲು ನುಗ್ಗಿದವನು ಇಸ್ತ್ರಿಯವನು. ಕಟ್ಟೆಯ ಮೇಲೆ ಕಾಲು ಚಾಚಿ ಮಲಗಿ, "ಆಹಾ, ಇದೇನ್ರೀ, ನಮ್ಮನೆಗಿಂತ ತಂಪಾಗಿದೆ. ಹಾಕಿ, ಹಾಕಿ ಬಾಗಿಲು!" ಎಂದ. ಭಾವಮೈದ ಹಾಕಿ ಹೊರಗಿನಿಂದ ಅಗುಳಿ ಎಳೆದ. ಜನ ಇನ್ನೂ ನಗುತ್ತಿರುವಾಗಲೇ ಒಳಗಿನಿಂದ ಬಡಿತ ಶುರುವಾಯಿತು. ತೆಗೆದರೆ ಮನುಷ್ಯ ಬೆವತುಬಿಟ್ಟಿದ್ದಾನೆ. "ಇಸ್ತ್ರಿಪೆಟ್ಟಿಗೆ ಬಿಸಿಗೆ ಇಟ್ಟು ಬಂದಿದ್ದೆ, ಈಗ ನೆನಪಾಯ್ತು," ಎಂದು ಯಾರ ಮುಖವನ್ನೂ ನೋಡದೆ ಹೊರಟ. ಎರಡು ಹೆಜ್ಜೆ ಹೋಗಿ ತಿರುಗಿ, "ಆದ್ರೂ ಗಲ್ಲೇ ಸರಿ," ಎಂದ. ಔಷಧಿ ಅಂಗಡಿಯಾಕೆ ಹೊಸ್ತಿಲಲ್ಲೇ ನಿಂತು, "ಫೋನು ಒಳಗೆ ಒಯ್ಯಬಹುದಾ?" ಎಂದು ಕೇಳಿದಳು. ಇಲ್ಲ ಎಂದಾಗ, "ಪುಸ್ತಕ?" ಎಂದಳು. ಅದೂ ಇಲ್ಲ ಎಂದಾಗ ಒಂದು ಕಾಲು ಒಳಗಿಟ್ಟು, ಬಲ್ಬನ್ನು ನೋಡಿ, ಕಾಲು ಹಿಂದಕ್ಕೆ ತೆಗೆದಳು. ಇದನ್ನೆಲ್ಲ ನೋಡುತ್ತ ಮೂಲೆಮಟ್ಟನಿಗೆ ಒಳಗೊಳಗೇ ಹಿಗ್ಗು. ಕೆಲಸ ಚೆನ್ನಾಗಿದೆ ಎಂದು ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು?

ಆಗ ಹೆಡ್ಮೇಷ್ಟ್ರು ಒಳಗೆ ಹೋದರು. ಬಾಗಿಲನ್ನು ತಾವೇ ಮುಚ್ಚಿಕೊಂಡರು. ಖಟ್ ಎಂದು ಒಂದು ಸದ್ದಾಯಿತು. ಭಾವಮೈದ ಬಾಗಿಲನ್ನು ನೂಕಿದ, ಅದು ಅಲುಗಲಿಲ್ಲ. ಮತ್ತೆ ಖಟ್ ಎಂದಿತು, ಮೇಷ್ಟ್ರು ತಲೆ ಹೊರಗೆ ಹಾಕಿದರು.

"ಏನಪ್ಪಾ ಮೂಲೆಮಟ್ಟ, ಇದ್ಯಾವ ಊರಿನ ಜೈಲು? ಒಳಗೆ ಚಿಲಕ ಇದೆಯಲ್ಲೋ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಮಟ್ಟ ಬೆಪ್ಪಾಗಿ ನಿಂತ. ಇದ್ದದ್ದು ನಿಜ. ಹಿತ್ತಾಳೆಯ ಚಿಲಕ, ನೆಟ್ಟಗೆ, ಎದೆಯೆತ್ತರಕ್ಕೆ, ಮೂಲೆಮಟ್ಟ ಹಿಡಿದು ಕೂರಿಸಿದ್ದು. ಅಷ್ಟು ಜನ ಒಳಗೆ ಹೊರಗೆ ಮಾಡಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಾಗಿಲು ಎಂದ ಮೇಲೆ ಚಿಲಕ ಇದ್ದೇ ಇರುತ್ತದೆ ಎಂದು ಕಣ್ಣು ಅದನ್ನು ದಾಟಿಕೊಂಡು ಹೋಗಿತ್ತು.

ಕೆಲಸ ಕಲಿತಾಗಿನಿಂದ ಅವನ ರೂಢಿ ಅದು. ಬಾಗಿಲನ್ನು ಚೌಕಟ್ಟಿಗೆ ಕೂರಿಸಿದ ಕೂಡಲೇ ಮೊದಲು ಒಳಚಿಲಕ ಹಾಕಬೇಕು. ಒಳಗೆ ನಿಂತು, ಚಿಲಕ ಹಾಕಿಕೊಂಡು, ಎಲ್ಲೆಲ್ಲಿ ಬೆಳಕು ಸೋರುತ್ತದೆ ನೋಡಬೇಕು. ಬೆಳಕು ಸೋರಿದ ಕಡೆ ಬಾಗಿಲು ಸೊಟ್ಟಗಿದೆ ಎಂದರ್ಥ. ಇಲ್ಲೂ ಹಾಗೇ ಮಾಡಿದ್ದ. ತಲೆಯಲ್ಲಿ ಜೈಲಿತ್ತು, ಕೈ ಮನೆಯ ಬಾಗಿಲು ಮಾಡಿಬಿಟ್ಟಿತ್ತು.

"ಭಾವ, ಕೊಲೆಗಾರನಿಗೆ ಇಷ್ಟು ಮರ್ಯಾದೆ ಕೊಟ್ಟೋರು ಊರಿಗೆಲ್ಲ ನೀವೊಬ್ಬರೇ ನೋಡಿ," ಎಂದ ಭಾವಮೈದ. "ಹಾಗೇ ಒಂದು ಕರೆಗಂಟೆನೂ ಹಾಕಿಬಿಡಿ."

"ಬಾಯಿ ಮುಚ್ಚಯ್ಯಾ, ಸ್ಕ್ರೂ ಡ್ರೈವರ್ ಕೊಡು."

ಸ್ಕ್ರೂ ಡ್ರೈವರ್ ಕೈಗೆ ಬರುವಷ್ಟರಲ್ಲಿ ಚಾನೆಲ್ಲಿನ ಕಾರು ಬಂತು. ಅದರಿಂದ ಅಕ್ಕ ಇಳಿದಳು. ನಗು ಬಾಯಲ್ಲೇ ಉಳಿದುಹೋಯಿತು, ಸಾಲು ಎರಡಾಗಿ ಸೀಳಿ ದಾರಿ ಬಿಟ್ಟಿತು. ಅವಳು ಕೆಲಸಕ್ಕೆ ಹೋಗುವ ಸೀರೆಯಲ್ಲೇ ಇದ್ದಳು, ಹೆಗಲಲ್ಲಿ ಊಟದ ಡಬ್ಬಿಯ ಚೀಲ.

ಚಾನೆಲ್ಲಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು, "ಅಮ್ಮಾ, ನೀವು ಮೊದಲು ಹೋಗಿ. ಕ್ಯಾಮೆರಾ ನಿಮ್ಮ ಹಿಂದೇನೇ ಬರುತ್ತೆ. ಮನಸ್ಸಿಗೆ ಏನು ಬರುತ್ತೋ ಅದನ್ನ ಹೇಳಿಬಿಡಿ."

ಅಕ್ಕ ಚೀಲವನ್ನು ತಮ್ಮನ ಕೈಗೆ ಕೊಟ್ಟಳು. ಕೋಣೆಯ ಹೊರಗೋಡೆಯನ್ನು ಒಮ್ಮೆ ಮುಟ್ಟಿ ನೋಡಿದಳು. ಒಳಗೆ ಹೋದಳು. ಕ್ಯಾಮೆರಾದವನು ಹೆಗಲು ಬಗ್ಗಿಸಿ ಇನ್ನೇನು ನುಗ್ಗಬೇಕು, ಬಾಗಿಲು ಅವನ ಮೂಗಿಗೆ ತಾಗುವಂತೆ ಮುಚ್ಚಿಕೊಂಡಿತು. ಖಟ್ ಎಂದಿತು.

ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಮೊದಲು ಎಲ್ಲರೂ ಕಾದರು. ನೋಡಿಕೊಂಡು ಬರಲಿ, ಅವಸರವೇನು ಎಂದರು ಹೆಡ್ಮೇಷ್ಟ್ರು. ಚಾನೆಲ್ಲಿನ ಹುಡುಗಿ ಉಗುರು ಕಚ್ಚಿದಳು. ಕಾದದ್ದು ಜಾಸ್ತಿಯಾಗುತ್ತ ಬಂದಂತೆ ಬೀದಿಗೆ ಬಾಯಿ ಬಂತು. ಅಳ್ತಿರಬೇಕು ಎಂದರು ಒಬ್ಬರು. ಇಲ್ಲ, ಗೋಡೆಗೆ ಉಗುಳ್ತಿರಬೇಕು, ನಾನಾಗಿದ್ರೆ ಅದನ್ನೇ ಮಾಡ್ತಿದ್ದೆ ಎಂದ ವಾಪಸು ಬಂದಿದ್ದ ಇಸ್ತ್ರಿಯವನು. ಕೊಲೆಗಾರನ ಮೇಲೆ ಕನಿಕರ ಬಂದುಬಿಟ್ಟಿದ್ರೆ ಏನ್ ಗತಿ ಎಂದು ಇನ್ನೊಬ್ಬರು. ತಲೆ ಸುತ್ತಿ ಬಿದ್ದಿದ್ರೆ ಎಂದಳು ಔಷಧಿ ಅಂಗಡಿಯಾಕೆ. ಆ ಮಾತಿಗೆ ಗುಂಪು ಬೆಚ್ಚಿಬಿತ್ತು. ಯಾರೋ ಬಾಗಿಲನ್ನು ದಬದಬ ಬಡಿದರು. "ಅಮ್ಮಾ! ಅಮ್ಮಾ, ಬಾಗಿಲು ತೆಗೀರಿ!"

"ಚೆನ್ನಾಗಿದ್ದೀನಿ," ಎಂದು ಒಳಗಿನಿಂದ ದನಿ ಬಂತು. "ಸ್ವಲ್ಪ ಸುಮ್ಮನಿರ್ತೀರಾ."

ಸುಮ್ಮನಾದರು. ಆದರೆ ಕುತೂಹಲ ಸುಮ್ಮನಿರಬೇಕಲ್ಲ. ಚಾನೆಲ್ಲಿನ ಹುಡುಗಿಯ ಕಣ್ಣು ಇಣುಕುಗಿಂಡಿಯ ಮುಚ್ಚಳದ ಮೇಲೆ ಬಿತ್ತು.

"ಸಾರ್, ಆ ಕಿಂಡಿ ತೆಗೀರಿ. ಕ್ಯಾಮೆರಾ ಅಲ್ಲಿಟ್ಟರೆ ಸಾಕು. ಅವರಿಗೆ ಗೊತ್ತೇ ಆಗಲ್ಲ."

ಮೂಲೆಮಟ್ಟ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದ, ಮುಚ್ಚಳ ಅವನ ಕಣ್ಣಿನ ಮಟ್ಟದಲ್ಲೇ ಇತ್ತು. ಎರಡು ಬೆರಳಿನಿಂದ ಸರಿಸಿದರೆ ಮುಗಿಯಿತು. ಇಷ್ಟು ದಿನ ತಾನು ತಲೆ ಕೆಡಿಸಿಕೊಂಡು ಹುಡುಕುತ್ತಿದ್ದದ್ದು ಅಲ್ಲೇ ಇತ್ತು. ಯಾರೂ ನೋಡದಿರುವಾಗ ಅಕ್ಕನ ಮುಖ ಹೇಗಿರುತ್ತದೆ? ಕೋಪವೋ, ಕಣ್ಣೀರೋ, ಏನೂ ಇಲ್ಲವೋ? ಬೇರೆ ಯಾರಿಗೂ ಬೇಡ, ತಾನೊಬ್ಬನೇ ನೋಡಿ ಮುಚ್ಚಿಬಿಟ್ಟರಾಯಿತು. ಒಡಹುಟ್ಟಿದವನಿಗೆ ಅಷ್ಟೂ ಹಕ್ಕಿಲ್ಲವೇ? ಅವನ ಕೈ ಮೇಲೆ ಹೋಯಿತು. ಬೆರಳು ಮುಚ್ಚಳಕ್ಕೆ ತಾಗಿತು. ಎಣ್ಣೆ ಬಿಟ್ಟು ತಾನೇ ಸಡಿಲ ಮಾಡಿದ ಮುಚ್ಚಳ, ಉಸಿರು ತಾಗಿದರೆ ಸರಿಯುವಂತಿತ್ತು.

ಆ ಕಿಂಡಿ ಯಾರಿಗಾಗಿ ಇರುವುದು ಎಂದು ಆಗ ಅವನಿಗೆ ಹೊಳೆಯಿತು. ಕಾವಲಿನವರಿಗೆ. ಅವನಿಗೆ ನಾಚಿಕೆಯಾಯಿತು. ಅಕ್ಕನ ಮನೆಯ ಕುರ್ಚಿ ಸರಿಸಿ ಒಳಗೆ ಹೋಗುತ್ತಿದ್ದವರನ್ನೆಲ್ಲ ಬೈದುಕೊಂಡಿದ್ದವನು ತಾನೂ ಅದೇ ಸಾಲಿನಲ್ಲಿ, ಎಲ್ಲರಿಗಿಂತ ಮುಂದೆ ನಿಂತಿದ್ದ.

"ಕಿಂಡಿ ತೆಗೆಯೋ ಹಾಗಿಲ್ಲ," ಎಂದ.

"ಸಾರ್, ಟೈಮ್ ಆಗ್ತಿದೆ..."

"ಆಗ್ಲಿ ಕಣಮ್ಮ. ಒಳಗಿರೋದು ನಮ್ಮಕ್ಕ. ಕೈದಿ ಅಲ್ಲ."

ಬೆನ್ನನ್ನು ಕಿಂಡಿಗೆ ಆನಿಸಿ ಅಡ್ಡ ನಿಂತ. ಭಾವಮೈದನಿಗೆ ಏನನ್ನಿಸಿತೋ, ಅವನೂ ತಮಾಷೆ ಬಿಟ್ಟು ಬಂದು ಪಕ್ಕದಲ್ಲಿ ನಿಂತ. ಹೆಡ್ಮೇಷ್ಟ್ರು ಜನರನ್ನು ಬೀದಿಯ ಕಡೆ ಹಿಂದೆ ತಳ್ಳಿದರು, ಇಸ್ತ್ರಿಯವನೂ ಅವರ ಜೊತೆ ಕೈ ಹಾಕಿದ. ಅವರಿಬ್ಬರೂ ಒಂದು ವಿಷಯಕ್ಕೆ ಒಪ್ಪಿದ್ದನ್ನು ಬೀದಿ ಅಂದೇ ಕಂಡದ್ದು.

ಶೆಡ್ಡು ಖಾಲಿಯಾದ ಮೇಲೆ ಮೂಲೆಮಟ್ಟ ತಿರುಗಿದ. ಚಿಕ್ಕಂದಿನಲ್ಲಿ ಅಕ್ಕ ಮುನಿಸಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡರೆ, ಅಪ್ಪ ಬಡಿದರೂ ತೆಗೆಯುತ್ತಿರಲಿಲ್ಲ, ಅಮ್ಮ ಬೈದರೂ ತೆಗೆಯುತ್ತಿರಲಿಲ್ಲ. ಇವನು ಹೋಗಿ ಒಂದೇ ಬೆರಳಿನ ಗಿಣ್ಣಿನಿಂದ ಮೆತ್ತಗೆ ತಟ್ಟಿದರೆ ತೆಗೆಯುತ್ತಿದ್ದಳು. ಇವತ್ತೂ ಹಾಗೇ ತಟ್ಟಿದ. ಟಕ್. ಆಮೇಲೆ ಸ್ವಲ್ಪ ತಡೆದು, ಟಕ್ ಟಕ್.

ಒಳಗೆ ಬಟ್ಟೆ ಸರಿದ ಸದ್ದು. ಮೂಗು ಸೀಟಿಕೊಂಡ ಸದ್ದು. ಚಿಲಕ ಸರಿಯಿತು.

ಅಕ್ಕನ ಕಣ್ಣು ಕೆಂಪಾಗಿತ್ತು, ರೆಪ್ಪೆ ಊದಿತ್ತು. ಸೀರೆಯ ಸೆರಗಿನ ತುದಿ ಪೂರ್ತಿ ಒದ್ದೆಯಾಗಿತ್ತು. ಅವನು ಊಟದ ಡಬ್ಬಿಯ ಚೀಲ ಮುಂದೆ ಹಿಡಿದ.

ಅಷ್ಟರಲ್ಲಿ ಚಾನೆಲ್ಲಿನ ಹುಡುಗಿ ಮೈಕು ಹಿಡಿದು ಓಡಿ ಬಂದೇಬಿಟ್ಟಳು. ಅವಳನ್ನು ಬೈದು ಪ್ರಯೋಜನವಿಲ್ಲ, ಅದು ಅವಳ ಹೊಟ್ಟೆಪಾಡು. "ಅಮ್ಮಾ, ಒಂದೇ ಮಾತು. ಈ ಶಿಕ್ಷೆ ಸಾಕಾ? ಸಾಲದಾ?"

ಅಕ್ಕ ಅವಳನ್ನು ನೋಡಿದಳು. ಟೆಲಿಫೋನಿನಲ್ಲಿ ತಪ್ಪು ವಾರ್ಡು ಕೇಳಿದವರಿಗೆ ಉತ್ತರ ಕೊಡುವಾಗಿನ ತಾಳ್ಮೆಯಿಂದಲೇ ಹೇಳಿದಳು. "ಸಾಲದೇ ಹೋಗಿದ್ದು ನನ್ನ ಮಗ ಕಣಮ್ಮ. ಅವನು ಇನ್ನೂ ಬಹಳ ದಿನ ಬೇಕಿತ್ತು ನಂಗೆ. ಉಳಿದಿದ್ದೆಲ್ಲ ಎಷ್ಟು ಕೊಟ್ಟರೆ ಸಾಕು ಅಂತ ನಾನು ಹೇಗೆ ಹೇಳ್ಲಿ?"

ಹುಡುಗಿ ಮೈಕನ್ನು ಕೆಳಗಿಳಿಸಿದಳು.

ಅಕ್ಕ ಹಿಂದೆ ತಿರುಗಿ ಬಾಗಿಲ ಒಳಬದಿಯನ್ನು ತೋರಿಸಿದಳು. "ಆ ಚಿಲಕ ನೀನು ಹಾಕಿದ್ದಾ?"

"ಕೈ ತಪ್ಪಿ ಅಕ್ಕ. ರೂಢಿ. ತೆಗೀಬೇಕು ಅಂತಾನೇ ನಿಂತಿದ್ದೆ, ಅಷ್ಟರಲ್ಲಿ ನೀನು ಬಂದೆ."

"ಅವನ ಬಾಗಿಲಿಗೆ ಇರೋದಿಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ತೆಗೆದುಬಿಡು. ಇಲ್ಲದ್ದನ್ನ ಇದೆ ಅಂತ ಜನಕ್ಕೆ ತೋರಿಸಬಾರದು."

ಅವನು ಅಲ್ಲೇ ಕೂತು ಸ್ಕ್ರೂಗಳನ್ನು ಬಿಚ್ಚಿದ. ಚಿಲಕ ಕೈಗೆ ಬಂದಾಗ ಅದು ಇನ್ನೂ ಬೆಚ್ಚಗಿತ್ತು. ಅದನ್ನು ಜೇಬಿಗೆ ಹಾಕಿಕೊಂಡ. ಉಳಿ, ಸುತ್ತಿಗೆ, ಸ್ಕ್ರೂ ಡ್ರೈವರ್ ಒಂದು ಚೀಲಕ್ಕೆ ತುಂಬಿದ.

"ಎಲ್ಲಿಗೆ ಭಾವ?" ಎಂದ ಭಾವಮೈದ. "ಚಾನೆಲ್‌ನವರ ಲಾರಿ ಬರುತ್ತಲ್ಲ."

"ನೀನೇ ಬಿಚ್ಚಿ ಕೊಡು. ನಾನು ನಾಳೆ ಅಂದಿದ್ದ ಒಂದು ಕೆಲಸ ಇದೆ."

ಅಕ್ಕ, ಪಕ್ಕದಲ್ಲಿ ತಮ್ಮ, ಇಬ್ಬರೂ ಬೀದಿ ಹಿಡಿದು ನಡೆದರು. ದಾರಿಯುದ್ದಕ್ಕೂ ಬಾಗಿಲುಗಳಲ್ಲಿ, ಕಿಟಕಿಗಳಲ್ಲಿ ಮುಖಗಳು. ಸ್ವಲ್ಪ ದೂರ ಹೋದ ಮೇಲೆ ಅಕ್ಕ ತಾನಾಗಿಯೇ ಶುರುಮಾಡಿದಳು.

"ಚಿಲಕ ಹಾಕಿದೆ ನೋಡು, ಖಟ್ ಅಂತು. ಆ ಸದ್ದು ಕೇಳ್ತಿದ್ದ ಹಾಗೇ ತಡಕೊಳ್ಳಕ್ಕಾಗ್ಲಿಲ್ಲ. ಎಲ್ಲಿತ್ತೋ ಏನೋ, ಅಳು ನುಗ್ಗಿಬಂತು. ಮನೇಲಿ ಆಗ್ತಾನೇ ಇರ್ಲಿಲ್ಲ ಕಣೋ. ಯಾವಾಗ ಯಾರು ಬರ್ತಾರೋ, ಬಂದವರು ನನ್ನ ಮುಖ ಹೇಗಿದೆ ನೋಡ್ತಾರೋ ಅಂತ ಅದೇ ಭಯ."

"ನಂಗೆ ಒಂದು ಮಾತು ಹೇಳಿದ್ರೆ..." ಎಂದು ಅವನು ಬಾಯಿ ತೆಗೆದು, ಅರ್ಧಕ್ಕೇ ನಿಲ್ಲಿಸಿದ. ಅವಳು ಹೇಳಿದ್ದಳು. ಹೋದಾಗಲೆಲ್ಲ ಹೇಳಿದ್ದಳು.

ತಿರುವಿನಲ್ಲಿ ಅವಳ ಹೆಜ್ಜೆ ನಿಧಾನವಾಯಿತು. "ಅವನಿಗೆ ಚಿಲಕ ಇಲ್ಲ. ಮೇಲೆ ಆ ಬಲ್ಬು, ಮುಖಕ್ಕೇ ಹೊಡಿಯುತ್ತೆ. ಕಿಂಡೀಲಿ ಯಾರು ಯಾವಾಗ ನೋಡ್ತಾರೋ ಗೊತ್ತಾಗಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಂದ್ರೆ ಅವನಿಗೆ ಅಳೋಕೂ ಆಗಲ್ಲ."

ಅದನ್ನು ಹೇಳಿ ಮುಂದೆ ನಡೆದಳು. ಆ ಮಾತಿನಲ್ಲಿ ಅಯ್ಯೋ ಪಾಪ ಇತ್ತೋ, ಹಾಗೇ ಆಗಬೇಕು ಎಂಬುದಿತ್ತೋ, ಮೂಲೆಮಟ್ಟನಿಗೆ ಅರ್ಥವಾಗಲಿಲ್ಲ. ಮನೆ ಮುಟ್ಟುವತನಕ ಅವಳ ದನಿಯನ್ನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದ. ಕೇಳಿಬಿಡೋಣ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ. ಬಹುಶಃ ಎರಡೂ ಇದ್ದವೇನೋ.

ಮುಂಬಾಗಿಲಲ್ಲಿ ಹಳೆಯ ಚಿಲಕ ಕಿತ್ತುಹೋದ ಕಡೆ ಮರ ಸೀಳಿತ್ತು. ಸೀಳನ್ನು ಕೆತ್ತಿ ತೆಗೆದು, ಅಲ್ಲಿಗೆ ಗಟ್ಟಿ ಮರದ ತುಂಡೊಂದನ್ನು ಕೂರಿಸಿ, ಅದರ ಮೇಲೆ ಹಿತ್ತಾಳೆಯ ಚಿಲಕ ಇಟ್ಟು ಸ್ಕ್ರೂ ಬಿಗಿದ. ಸೊಂಟದ ಮೂಲೆಮಟ್ಟ ಹಿಡಿದು ನೋಡಿದ, ನೆಟ್ಟಗಿತ್ತು. ಅಕ್ಕ ಅಡ್ಡ ಇಡುತ್ತಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಊಟದ ಮೇಜಿನ ಬಳಿ, ಅದರ ಜಾಗದಲ್ಲಿ ಇಟ್ಟಳು.

"ನಾನು ಹೊರಗೆ ಹೋಗ್ತೀನಿ. ನೀನು ಹಾಕಿ ನೋಡು ಅಕ್ಕ, ಸರಿಯಾಗಿ ಬೀಳುತ್ತಾ ಅಂತ."

ಅವನು ಹೊರಗೆ ಬಂದ. ಬಾಗಿಲು ಮುಚ್ಚಿತು. ಖಟ್.

ಅವನು ಹೊಸ್ತಿಲ ಮುಂದೆ ನಿಂತ. ತೆಗೆದು ಏನಾದರೂ ಹೇಳುತ್ತಾಳೋ ಎಂದು ಕಾದ. ಅವಳು ತೆಗೆಯಲಿಲ್ಲ. ಬೆರಳಿನ ಗಿಣ್ಣು ತಾನಾಗಿಯೇ ಬಾಗಿಲ ಕಡೆ ಹೋಯಿತು, ಅದನ್ನು ಹಿಂದಕ್ಕೆ ಎಳೆದುಕೊಂಡು ಜೇಬಿಗೆ ತುರುಕಿದ.

ಗೇಟಿನ ಹೊರಗೆ ಇಸ್ತ್ರಿಯವನು, ಹೆಡ್ಮೇಷ್ಟ್ರು, ಔಷಧಿ ಅಂಗಡಿಯಾಕೆ ಎಲ್ಲರೂ ನಿಂತಿದ್ದರು. ಹಿಂದೆ ಹಿಂದೆಯೇ ಬಂದಿದ್ದರು, ಬರದೆ ಇರಲಾಗಿರಲಿಲ್ಲ.

"ಏನಂದ್ರಪ್ಪ ಅಕ್ಕ?" ಎಂದು ಹೆಡ್ಮೇಷ್ಟ್ರು ಪಿಸುದನಿಯಲ್ಲಿ ಕೇಳಿದರು. "ಸಾಕಂತಾ?"

"ಸಾಲದಂತಾ?" ಎಂದ ಇಸ್ತ್ರಿಯವನು.

ಮೂಲೆಮಟ್ಟ ಗೇಟನ್ನು ಎಳೆದುಕೊಂಡು ಚೀಲ ಹೆಗಲಿಗೇರಿಸಿದ.

"ಚಿಲಕ ಸರಿಯಾಗಿ ಬೀಳುತ್ತೆ," ಎಂದ. "ನಡೀರಿ, ನಡೀರಿ ಎಲ್ಲಾ."